ನೆಗ್ಗು

ಭರಮಸಾಗರದ ಹತ್ತಿರದಿಂದ ಕ್ರೇನು ಎಳೆದು ತಂದ ಕಾರು
ಮೂರು ದಿನ ನನ್ನ ಶೆಡ್ಡಿನ ಮುಂದೆ ನಿಂತಿತ್ತು,
ಕೊಂಬು ಮುರಿದ ಎಮ್ಮೆಯ ಹಾಗೆ ತಲೆ ತಗ್ಗಿಸಿ.
ಗಾಜೆಲ್ಲ ಕಲ್ಲುಸಕ್ಕರೆ.
ಹಿಂದಿನ ಸೀಟಿನಲ್ಲಿ, ದಾರಿಗೆ ಬೆನ್ನು ಹಾಕಿ,
ಒಂದು ಮಗುವಿನ ಕುರ್ಚಿ.
ಅದರ ಮೇಲೆ ಒಂದು ಗೀರಿಲ್ಲ.
ಬಟ್ಟೆಯ ಮಡಿಕೆಯಲ್ಲಿ ಅರ್ಧ ಚೀಪಿದ ಬಿಸ್ಕತ್ತು.

'ಕೂಸು?' ಅಂದೆ ಕ್ರೇನಿನ ಓಬಳೇಶನಿಗೆ.
'ಅಪ್ಪನ ಕಾಲು ಎರಡೂ ಮುರದಾವ ಆಚಾರ್ರೆ.
ಕೂಸಿಗೆ ಏನೂ ಆಗಿಲ್ಲ, ಅಳು ಒಂದು ಬಿಟ್ರೆ.
ಆ ಅಳು ಕೇಳೇ ಜನ ಓಡಿ ಬಂದದ್ದು.'

ನಮ್ಮಜ್ಜ ಕುಂಟೆಗೆ ಕುಡ ತಟ್ಟಿದವನು,
ಅಪ್ಪ ಗಾಡಿಚಕ್ರಕ್ಕೆ ಪಟ್ಟಿ ಕೂರಿಸಿದವನು,
ನಾನು ಮೌನೇಶಾಚಾರಿ, ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ
ಹದಿನೆಂಟು ವರ್ಷದಿಂದ ನೆಗ್ಗು ತೆಗೆಯುತ್ತೇನೆ.
ಒಳಗಿಂದ ಕೈ ಕೊಟ್ಟು, ಮರದ ಸುತ್ತಿಗೆಯಿಂದ
ಮೆಲ್ಲಗೆ ಮಾತಾಡಿಸಿದರೆ
ತಗಡು ತನ್ನ ಹಳೆಯ ಉಬ್ಬನ್ನು ನೆನಪಿಸಿಕೊಳ್ಳುತ್ತದೆ.
ಅದು ನನ್ನ ನಂಬಿಕೆ. ಊಟವೂ ಅದರಲ್ಲೇ.

'ಓನರ್ ಬೇಡ ಅಂದಾರಲ್ಲ,' ಅಂದಳು ಶಾಂಭವಿ,
'ತೊಳೆದು ಬಿಸಿಲಿಗಿಟ್ರೆ ನಮ್ಮ ಇಂಚರಾಗೆ ಆಯ್ತು.'
'ಕುರ್ಚಿ ಯಾಕೋ? ನನ್ನ ತೊಡೆ ಇಲ್ಲೇನು?' ಅಂದಳು ಅವ್ವ,
'ಕೂಸನ್ನ ಹಿಂದುಮುಂದು ಕೂರಿಸ್ತಾರಾ ಯಾರಾದ್ರೂ,
ಬಂದ ದಾರಿ ನೋಡಿಕೊಂಡು?'

ಅವ್ವಾ, ಇಂಚರ ಎಂಟು ಕಿಲೋ,
ಭಟ್ಟಿಯಿಂದ ಈಗ ಬಂದ ಮಂಡಕ್ಕಿ ಚೀಲದಷ್ಟು.
ಗಾಡಿ ಗುದ್ದಿದ ಗಳಿಗೆಗೆ ಅದೇ ಚೀಲ
ಭತ್ತದ ಮೂಟೆಯಾಗುತ್ತದೆ, ಒಂದಲ್ಲ, ಮೂರು.
ನಿನ್ನ ಕೈ ಹಿಡಿದೀತಾ?
ಮುಂದೆ ಮುಖ ಮಾಡಿ ಕೂರಿಸಿದರೆ ಮೈಯನ್ನು ಬೆಲ್ಟು ಹಿಡಿಯುತ್ತೆ,
ತಲೆಯನ್ನು ಯಾರು ಹಿಡಿಯಬೇಕು?
ಎಲುಬಿನ್ನೂ ಎಲುಬಾಗದ ಆ ಎಳೆ ಕತ್ತೇ.
ನೀನು ಎರೆಯುವಾಗ ಕತ್ತಿನ ಕೆಳಗೆ ಅಂಗೈ ಕೊಡುತ್ತೀಯಲ್ಲ,
ಈ ಬೆನ್ನುಗೂಡು ಅದೇ ಅಂಗೈ,
ತಲೆಯಿಂದ ಸೊಂಟದವರೆಗೆ.

ಅವ್ವ ಸುಮ್ಮನಾದಳು. ಒಪ್ಪಿದಳು ಅಂತಲ್ಲ.

ರಾತ್ರಿ ಬಲ್ಬಿನ ಕೆಳಗೆ ಕುರ್ಚಿಯನ್ನು ಬೋರಲು ಹಾಕಿದೆ.
ಮಡಕೆ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ಬಡಿದೆ,
ಕಿವಿ ಹಚ್ಚಿದೆ, ಥರ್ಮೋಕೋಲಿನಂಥ ಒಳಪದರ ಒತ್ತಿದೆ.
ಎಲ್ಲ ಕಡೆ ಒಂದೇ ಸದ್ದು.
ಹೆದರಿದ್ದು ಅದಕ್ಕೇ.
ತಗಡು ಪೆಟ್ಟು ಬಿದ್ದಲ್ಲಿ ಹೇಳಿಬಿಡುತ್ತದೆ;
ಇದು ನುಂಗಿಕೊಂಡಿದೆ,
ಅಪ್ಪನ ಕಾಲು ಮುರಿದ ಪೆಟ್ಟಿನಲ್ಲಿ ತನ್ನ ಪಾಲನ್ನು,
ಕೂದಲೆಳೆಯ ಬಿರುಕಾಗಿ ಎಲ್ಲೋ, ನನಗೂ ಸಿಗದ ಹಾಗೆ.
ಒಂದೇ ಪೆಟ್ಟಿಗೆಂದು ಮಾಡಿದ ವಸ್ತು.
ಆ ಒಂದು ಆಗಿಹೋಗಿದೆ.

ಬೆಳಿಗ್ಗೆ ಪಟ್ಟಿಗಳನ್ನೆಲ್ಲ ಕತ್ತರಿಸಿದೆ,
ಕೆಂಪು ಪೇಂಟಿನಲ್ಲಿ ಬರೆದೆ: ಬಳಸಬೇಡಿ.
'ಹಾಳು ಮಾಡಿಬಿಟ್ಯಲ್ಲೋ, ಎಂಟುನೂರು ಕೊಡ್ತಿದ್ದೆ,'
ಗುಜರಿಯ ದಾದಾಪೀರನಿಗೆ ಸಂಕಟ.
ಅವನು ತಕ್ಕಡಿ ತರಲು ಹೋದಾಗ
ಆಯುಧಪೂಜೆಯಲ್ಲಿ ಸುತ್ತಿಗೆಗೆ ಹಚ್ಚುವ ಹಾಗೆ
ಕುರ್ಚಿಯ ಬೆನ್ನಿಗೆ ಬೊಟ್ಟು ಕುಂಕುಮ ಹಚ್ಚಿದೆ.

ಚೀಟಿ ಎತ್ತಿ ಹೊಸದು ತಂದೆವು.
ಮುಂದಿನ ಸೀಟು ಬೇಡ; ಅಲ್ಲಿ ಏರ್‌ಬ್ಯಾಗು ಸಿಡಿದರೆ
ಕಾಯುವುದೇ ಕೊಂದೀತು.
ಹಿಂದೆ, ಮೊಣಕಾಲೂರಿ, ಬೆಲ್ಟು ಜಗ್ಗಿ ಬಿಗಿದೆ,
ಅಲುಗಿಸಿದರೆ ಒಂದಿಂಚೂ ಅಲುಗಬಾರದು.
ಓರೆ ತೋರಿಸುವ ಗುಳ್ಳೆ ಗೆರೆಯೊಳಗೆ ಬರುವಷ್ಟರಲ್ಲಿ
ಅಂಗಿ ತೊಪ್ಪೆ.
ಭುಜದ ಪಟ್ಟಿಯನ್ನು ಶಾಂಭವಿ ಚಿವುಟಿ ನೋಡಿದಳು,
ಮಡಿಕೆ ಸಿಗಲಿಲ್ಲ. ಇಂಚರ ಬೈದಳು,
ಅವಳಿಗೆ ಬರುವ ಎರಡೇ ಅಕ್ಷರದಲ್ಲಿ.

ಭಾನುವಾರ ಚಿತ್ರದುರ್ಗಕ್ಕೆ, ಅಕ್ಕನ ಮನೆಗೆ.
ಕನ್ನಡಿಯಲ್ಲಿ ಮಗಳು ಕಾಣುವುದಿಲ್ಲ,
ಕುರ್ಚಿಯ ಬೆನ್ನಷ್ಟೇ, ಒಂದು ಬೂದು ಗುಡ್ಡ.
ಹಿಂದಿನ ಲಾರಿಯವನು ಅವಳಿಗೆ ಹಾರ್ನು ಹೊಡೆದು ನಕ್ಕ.
ನಾನು ದಾಟಿ ಬಂದ ಗಾಳಿಗಿರಣಿಗಳೆಲ್ಲ
ಅವಳ ಕಣ್ಣೆದುರು ಸಣ್ಣಗಾಗುತ್ತ ತಿರುಗುತ್ತಿದ್ದವು.

ಭರಮಸಾಗರ ಬಂತು. ಗೇರು ಇಳಿಸಿದೆ.
ರಸ್ತೆಯಂಚಿಗೆ ಇನ್ನೂ ಗಾಜಿನ ಚೂರು.
ಪಕ್ಕದಲ್ಲಿ ಕೂತಿದ್ದ ಅವ್ವ ಕೈ ಚಾಚಿ
ಕುರ್ಚಿಯ ಬೆನ್ನಿಗೆ ಅಂಗೈ ಕೊಟ್ಟಳು,
ಎರೆಯುವಾಗ ಕೊಡುವ ಹಾಗೆ.

ಬೇಕಿರಲಿಲ್ಲ.
ನಾನು ಹೇಳಲಿಲ್ಲ.